ಹದಿನಾಲ್ಕು ಸೆಕೆಂಡಿನ ವಿಡಿಯೊ

ಫಕೀರೇಶ ಎರಡು ದಿನದಿಂದ ಫೋನ್ ಎತ್ತಿರಲಿಲ್ಲ. ಮುನಿಸಿಕೊಂಡಿದ್ದಾನೆ ಎಂದುಕೊಂಡಳು ಸುವರ್ಣಾ. ಭಾನುವಾರ ಅವನು "ನನ್ನ ಮದುವಿ ಆಗ್ತೀಯೇನು?" ಎಂದಾಗ ಉತ್ತರ ಕೊಡದೆ ನಕ್ಕುಬಿಟ್ಟಿದ್ದಳು.

ಇಬ್ಬರೂ ಗದಗದ ಕಡೆಯವರು. ಬೆಂಗಳೂರಿನ ಮೂಡಲಪಾಳ್ಯದ ಆಫೀಸಿನಲ್ಲಿ ಅವಳಿಗೆ ಕಾರ್ಖಾನೆಗಳ ವಿಡಿಯೊ ನೋಡುವ ಕೆಲಸ. ಯಾರು ದುಡಿಯುತ್ತಿದ್ದಾರೆ, ಯಾರು ಸುಮ್ಮನೆ ನಿಂತಿದ್ದಾರೆ ಎಂದು ಗುರುತು ಹಾಕಬೇಕು. ಆ ಗುರುತುಗಳಿಂದ ಕಂಪ್ಯೂಟರ್ ಮನುಷ್ಯರ ನಡವಳಿಕೆ ಕಲಿಯುತ್ತಿತ್ತು. ಮುಖಗಳನ್ನು ಮಸುಕು ಮಾಡಿರುತ್ತಿದ್ದರು. ಆದರೂ ಫಕೀರೇಶ ದುಡಿಯುವ ಹೆಗ್ಗನಹಳ್ಳಿಯ ತಗಡಿನ ಕಾರ್ಖಾನೆಯ ವಿಡಿಯೊ ಬಂದರೆ ಅವನು ಅವಳಿಗೆ ಸಿಕ್ಕಿಬಿಡುತ್ತಿದ್ದ. ಅವಳಿಗಾಗಿಯೇ ಕ್ಯಾಮೆರಾದತ್ತ ಕತ್ತೆತ್ತಿ ಕಾಲರ್ ಸರಿಮಾಡಿಕೊಳ್ಳುತ್ತಿದ್ದ ಕಳ್ಳ!

ಅವತ್ತು ಬಂದದ್ದು ಎರಡು ದಿನ ಹಿಂದಿನ, ಹದಿನಾಲ್ಕು ಸೆಕೆಂಡಿನ ವಿಡಿಯೊ. ಅವನು ಕತ್ತೆತ್ತಿದ. ಕಾಲರ್ ಮುಟ್ಟಿದ. ಮತ್ತೆ ಕೆಲಸಕ್ಕೆ ಬಗ್ಗಿದ. ತಗಡು ಕತ್ತರಿಸುವ ಪ್ರೆಸ್ ಅವನ ಬಲಗೈ ಮೇಲೆ ಇಳಿಯಿತು.

ಸುವರ್ಣಾ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

ಹಿಂದೆ ನಿಂತಿದ್ದ ಮ್ಯಾನೇಜರ್ ಗಿರಿರಾಜ್, "'ಗಮನ ಬೇರೆ ಕಡೆ' ಅಂತ ಹಾಕ್ಬಿಡಿ. ತಪ್ಪು ಅವನದೇ ಅಂತ ಆಗ್ಬೇಕಂತೆ, ಫ್ಯಾಕ್ಟರಿಯವರು ಹೇಳಿದಾರೆ," ಎಂದ.

ಅವಳು ವಿಡಿಯೊವನ್ನು ಮತ್ತೆ ನಿಧಾನಕ್ಕೆ ಓಡಿಸಿದಳು. ಪ್ರೆಸ್ ಇಳಿದಾಗ ಅವನ ಕಾಲು ಅದನ್ನು ಇಳಿಸುವ ಪೆಡಲ್ ಮೇಲಿರಲಿಲ್ಲ. ಯಂತ್ರ ತಾನಾಗಿಯೇ ಬಿದ್ದಿತ್ತು.

"ಪೆಡಲ್ ಒತ್ತೇ ಇಲ್ಲ ಸಾರ್ ಅಂವ."

"ನಿಮಗ್ಯಾಕ್ರೀ ಅದೆಲ್ಲ?"

"ಅಂವ ನನ್ನ ಮದುವಿ ಆಗಾಂವ ಸಾರ್!"

'ಯಂತ್ರದ ದೋಷ' ಎಂದು ಗುರುತು ಹಾಕಿ, ಪರದೆಯ ಮೇಲಿನ ವಿಡಿಯೊವನ್ನು ತನ್ನ ಮೊಬೈಲಿನಲ್ಲಿ ಸೆರೆಹಿಡಿದು ಎದ್ದಳು. "ನಾಳೆಯಿಂದ ಬರ್ಬೇಡಿ" ಎಂಬ ಕೂಗು ಮೆಟ್ಟಿಲವರೆಗೂ ಬಂತು.

ಕಾರ್ಖಾನೆಯ ಗೇಟಿನಲ್ಲಿ ವಿಚಾರಿಸಿಕೊಂಡು ರಾಜಾಜಿನಗರದ ಆಸ್ಪತ್ರೆಗೆ ಬಂದಾಗ ಫಕೀರೇಶ ಗೋಡೆಯ ಕಡೆ ತಿರುಗಿ ಮಲಗಿದ್ದ.

"ಫೋನ್ ಯಾಕ ಎತ್ತಲಿಲ್ಲ?"

"ಏನಂತ ಹೇಳ್ಲಿ? ಬಲಗೈದು ನಾಕು ಬಟ್ಟು ಹೋದ್ವು. ಮ್ಯಾಲ ನೋಡಿದ್ದಕ್ಕ ಹಿಂಗಾತು ಅಂತಾರ."

"ಸುಳ್ಳು. ಮಷಿನ್ನಿಂದು ತಪ್ಪು. ನಾ ನೋಡೀನಿ. ಲೇಬರ್ ಆಫೀಸಿನ್ಯಾಗೂ ಹೇಳ್ತೀನಿ."

ಅವನು ಗೋಡೆಯತ್ತಲೇ ನೋಡುತ್ತ ಹೇಳಿದ, "ನೀ ಹೋಗು ಸುವರ್ಣಾ. ಅವತ್ತೂ ನಕ್ಕಿದ್ದಿ."

"ನಾಚಿಕಿ ಬಂದು ನಕ್ಕೆ, ಹುಚ್ಚಾ. ಇಲ್ಲಾ ಅಂದಿದ್ನೇನು?"

ಅವನು ಮೆಲ್ಲಗೆ ಈ ಕಡೆ ತಿರುಗಿದ. ಎರಡು ದಿನ ತಡೆದಿದ್ದ ಅಳು ಆಗ ಒಡೆಯಿತು.

ನರ್ಸ್ ಬಂದು, "ಡ್ರೆಸ್ಸಿಂಗ್ ಚೇಂಜ್ ಮಾಡ್ಬೇಕು, ಆಚೆ ಇರಿ," ಎಂದಳು. ಸುವರ್ಣಾ ಏಳಲಿಲ್ಲ. ಬ್ಯಾಂಡೇಜು ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುವಾಗ ಫಕೀರೇಶ ಕಣ್ಣು ಮುಚ್ಚಿದ. ಅವಳು ಅವನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಲೇ ಇದ್ದಳು.