ಇಂಗ್ಲೆಂಡಿನ ಚರ್ಚು, ಹುಬ್ಬಳ್ಳಿಯ ಕಲ್ಲುಕುಟಿಗ

ತಾಜಬಿ ಕೊಟ್ಟ ಫೋಟೋದಲ್ಲಿ ಗಂಡ ಹೆಂಡತಿ ಕೈಯಲ್ಲಿ ಕೈಯಿಟ್ಟು ಅಂಗಾತ ಮಲಗಿದ್ದರು. ಹೆಣ್ಣುಮಗಳೊಬ್ಬಳು ಇಂಥದ್ದನ್ನು ತೋರಿಸುವುದೇ ಎಂದು ಮೌಲಾಲಿ ಗಾಬರಿಯಾಗಿ ಮುಖ ತಿರುಗಿಸಿದ. ಅವನ ಕಿವಿ ಕೆಂಪಾದದ್ದನ್ನು ಅವಳು ಕಂಡಳು.

“ಗೋರಿ ಐತ್ರಿ ಅದು,” ಎಂದಳು ನಗು ನುಂಗಿ. “ಕಲ್ಲಿನ ಮಂದಿ. ಆರುನೂರು ವರ್ಷದ್ದು.”

ಆಗ ಅವನು ಮತ್ತೆ ನೋಡಿದ, ಫೋಟೋವನ್ನಷ್ಟೇ ಅಲ್ಲ.

ಅದು 1941ರ ಬೇಸಿಗೆ. ಹುಬ್ಬಳ್ಳಿಯ ಸಣ್ಣದೊಂದು ಚರ್ಚಿನ ಪಾದ್ರಿಸಾಹೇಬರಿಗೆ ಒಂದು ಆಸೆಯಿತ್ತು. ಇಂಗ್ಲೆಂಡಿನ ತಮ್ಮೂರ ಹಳೆಯ ಚರ್ಚಿನಲ್ಲಿ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಯಿತ್ತು. ಅಂಥದೇ ಒಂದನ್ನು ಇಲ್ಲಿಗೂ ಕೆತ್ತಿಸಬೇಕು. ಆ ಚರ್ಚಿನ ಚರಿತ್ರೆಯನ್ನು ಅವರು ಫೋಟೋಗಳ ಸಮೇತ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದರು. ಅದನ್ನು ಕಲ್ಲುಕುಟಿಗ ಮೌಲಾಲಿಗೆ ಓದಿ ಹೇಳುವ ಕೆಲಸ ಶಾಲೆಯ ಶಿಕ್ಷಕಿ ತಾಜಬಿಯದು.

ದಿನವೂ ಸಂಜೆ ಬೇವಿನ ನೆರಳಿನಲ್ಲಿ ಅವಳು ಓದುತ್ತಿದ್ದಳು. ತೊಟ್ಟಿ ಎಂಟುನೂರು ವರ್ಷದ್ದು. ಕಮಾನುಗಳು ಆಮೇಲಿನವು. ಗೋಪುರ ಅರ್ಧ ಎದ್ದಾಗ ಪ್ಲೇಗ್ ಬಂದು ಕಲ್ಲುಕುಟಿಗರು ಸತ್ತರು. ಉಳಿದರ್ಧ ಮೂವತ್ತು ವರ್ಷದ ಮೇಲೆ ಬೇರೆ ಬಣ್ಣದ ಕಲ್ಲಿನಲ್ಲಿ ಮುಗಿಯಿತು.

ಅವಳು ಪುಟ ತಿರುಗಿಸುವಾಗಲೆಲ್ಲ ಮೌಲಾಲಿ ಕಣ್ಣೆತ್ತುತ್ತಿದ್ದ. ಅದು ಗೊತ್ತಿದ್ದೇ ಅವಳು ಪುಟಗಳನ್ನು ನಿಧಾನವಾಗಿ ತಿರುಗಿಸುತ್ತಿದ್ದಳು. ಮಾತು ಮಾತ್ರ ಕಲ್ಲನ್ನು ದಾಟಿ ಹೋಗಲಿಲ್ಲ.

ಒಂದು ಬುಧವಾರ ತಂತಿ ಬಂತು. ಪಾದ್ರಿಸಾಹೇಬರು ಓದಿ, ಮೆಟ್ಟಿಲ ಮೇಲೆ ಕುಸಿದು ಕುಳಿತು, ಕಾಗದವನ್ನು ತಾಜಬಿಗೆ ಚಾಚಿದರು. ಜರ್ಮನರ ಬಾಂಬು. ಗೋಪುರ, ಗೋರಿ, ತೊಟ್ಟಿ, ಒಂದೂ ಉಳಿದಿಲ್ಲ. ತಾಜಬಿ ಅದನ್ನು ಮೌಲಾಲಿಗೆ ಕನ್ನಡದಲ್ಲಿ ಹೇಳಿದಳು. ಕಣ್ಣಾರೆ ಕಾಣದ ಊರು. ಆದರೂ ಅದರ ಒಂದೊಂದು ಕಲ್ಲೂ ಅವಳಿಗೆ ಗೊತ್ತಿತ್ತು.

ಸಾಹೇಬರು ಎದ್ದು ಒಳಗೆ ಹೋದರು. ಮೌಲಾಲಿ ಉಳಿ ಕೆಳಗಿಟ್ಟು ಎದ್ದು ನಿಂತ.

“ಎಂಟುನೂರು ವರ್ಷ ನಿಂತದ್ದು ಒಂದು ಕ್ಷಣದಾಗ ಹೋತು,” ಎಂದ. “ತೊಟ್ಟಿ ಮುಗದ ಮ್ಯಾಲ ಹೇಳೂಣಂತ ಸುಮ್ಮನಿದ್ನಿರಿ. ಇನ್ನ ಕಾಯೂದಿಲ್ಲ. ನಿಮ್ಮನ್ನ ಮದುವಿ ಆಗಬೇಕಂತ ಮಾಡೇನಿ. ಒಲ್ಲೆ ಅನ್ನೂದಿದ್ರ ಅದನ್ನೂ ಈಗಽ ಹೇಳ್ರಿ.”

ಒಂದರ ಮೇಲೊಂದು ಬಿದ್ದ ಪೆಟ್ಟುಗಳಿಗೆ ತಾಜಬಿ ಬೆರಗಾಗಿ ನಿಂತಳು. ಕೈಯಲ್ಲಿದ್ದ ತಂತಿಯ ಕಾಗದವನ್ನು ಮಡಚಿದಳು.

“ರವಿವಾರ ನನ್ನ ನೋಡಾಕ ಬೆಳಗಾವಿ ಮಂದಿ ಬರ್ತಾರ್ರಿ. ಇವತ್ತಽ ಅಬ್ಬಾನ ಕಡೆ ಹೋಗ್ರಿ.”

ಕಮರಿಪೇಟೆಯ ಮನೆಯಲ್ಲಿ ತಾಜಬಿಯ ತಂದೆ ಗುಲಾಬಸಾಬ ರಿಪೇರಿಗೆ ಬಂದ ಗಡಿಯಾರವೊಂದನ್ನು ಬಿಚ್ಚಿಟ್ಟುಕೊಂಡು ಕುಳಿತಿದ್ದರು. ಮೈತುಂಬ ಕಲ್ಲಿನ ಧೂಳು ಹೊತ್ತವನೊಬ್ಬ, ಹಿರಿಯರಿಲ್ಲದೆ, ತಾನೇ ಬಂದು ಮಗಳನ್ನು ಕೇಳಿದಾಗ ಅವರು ದಂಗಾದರು. ನಿನ್ನನ್ನು ಯಾರು ಕಳಿಸಿದರೆಂದು ಗದರಿದರು. ಮೌಲಾಲಿ ತಲೆ ತಗ್ಗಿಸಿದ. ಅವಳ ಹೆಸರು ಹೇಳಲಿಲ್ಲ.

ಆ ಮನೆಯಲ್ಲಿ ಪರಗಂಡಸರ ಎದುರು ತಾಜಬಿ ಎಂದೂ ಬಾಯಿ ಬಿಟ್ಟವಳಲ್ಲ. ಈಗ ಪರದೆ ಸರಿಸಿ ಹೊರಗೆ ಬಂದಳು.

“ನಾನಽ ಕಳಿಸೇನಿ, ಅಬ್ಬಾ.”

ಗುಲಾಬಸಾಬರು ಮಗಳನ್ನೇ ನೋಡಿದರು, ಅವಳನ್ನು ಹೊಸದಾಗಿ ಕಂಡವರಂತೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಡಿಯಾರವನ್ನು ಬದಿಗಿಟ್ಟು ಒಂದು ಪೋಸ್ಟ್ ಕಾರ್ಡು ತೆಗೆದು ಅವಳ ಕಡೆ ಸರಿಸಿದರು.

“ಬೆಳಗಾವಿಯವರಿಗೆ ಬರಬ್ಯಾಡ್ರಿ ಅಂತ ನೀನಽ ಬರಿ, ಬೇಟಿ. ನನ್ನ ಕೈ ನಡಗಾಕತ್ತೈತಿ.”