ಪಹರೆಯ ನಕ್ಷೆ

ಗೋಡೆಯಗಲದ ಪರದೆಯ ಮೇಲೆ ಬೆಟ್ಟಗುಡ್ಡಗಳು ಮೂಡಿದವು. ಒಂದೊಂದು ಮರವೂ ವಿದ್ಯುತ್ ಪೂರೈಕೆ ನಡೆಸುವ ಒಂದೊಂದು ಕಂಪ್ಯೂಟರ್. ಮರದಿಂದ ಮರಕ್ಕೆ ಹೋಗುವ ಕಾಲುದಾರಿಗಳೇ ಅವು ಕಳಿಸುವ ಸಂದೇಶಗಳು. ಹುಬ್ಬಳ್ಳಿಯ ವಿದ್ಯುತ್ ಕಾವಲು ಕೇಂದ್ರಕ್ಕಾಗಿ ಡಾ. ವಾರಿಜಾ ಪಟ್ಟಣಶೆಟ್ಟಿ ರೂಪಿಸಿದ ಈ ಯಂತ್ರದ ಹೆಸರು ಜಾಲದರ್ಶಕ. ಅಪರಿಚಿತರು ಜಾಲದೊಳಗೆ ನುಸುಳಿದರೆ ಆ ದಾರಿ ಕೆಂಪಾಗುತ್ತಿತ್ತು. ಇದನ್ನು ಕಾಯಲು ಪದವಿ ಬೇಕಿಲ್ಲ, ಚುರುಕು ಕಣ್ಣು ಸಾಕು ಎಂದು ವಾರಿಜಾ ಹನ್ನೆರಡು ನಿವೃತ್ತ ಸೈನಿಕರನ್ನು ಮೂರು ತಿಂಗಳ ಪರೀಕ್ಷೆಗೆ ಕರೆತಂದಿದ್ದರು.

ಎಂಜಿನಿಯರುಗಳು ಮೂಗು ಮುರಿದರು. ಒಬ್ಬರು ತಪ್ಪು ಮಾಡಿದರೂ ಹನ್ನೆರಡು ಮಂದಿಯೂ ಮನೆಗೆ ಎಂದು ನಿರ್ದೇಶಕ ಸೋಮಯಾಜಿ ಖಡಾಖಂಡಿತವಾಗಿ ಹೇಳಿಬಿಟ್ಟರು.

ಎಂಬತ್ತನೆಯ ದಿನ ತಪ್ಪು ನಡೆದೇಹೋಯಿತು. ಸುಬೇದಾರ್ ಮಡಿವಾಳಪ್ಪ ಗುಡಗೇರಿಯವರ ಮೇಜಿನ ಖಾನೆಯಲ್ಲಿ ಒಂದು ಕಾಗದ ಸಿಕ್ಕಿತು. ಕಾವಲು ಕೊಠಡಿಗೆ ಕಾಗದ ತರುವುದೇ ನಿಷಿದ್ಧ. ಈ ಪುಣ್ಯಾತ್ಮರು ಇಡೀ ಜಾಲವನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದರು!

“ಇದೇನ್ರೀ ಸುಬೇದಾರರ?” ವಾರಿಜಾ ಕಾಗದ ಎತ್ತಿ ತೋರಿಸಿದರು.

“ಪಹರೆ ನಕ್ಷೆರೀ ಮೇಡಂ. ಗಡಿಯೊಳಗ ಯಾವ ಚೌಕಿಗೆ ಹೋದ್ರೂ ಮುಂದಿನ ಗಿಡಾ, ಕಲ್ಲು ಎಲ್ಲಾ ಮೊದಲ ಬರದಿಡ್ತೀವಿ. ಇಪ್ಪತ್ತೆಂಟು ವರ್ಷದ ರೂಢಿ. ಕೈ ಸುಮ್ನಿರಲಿಲ್ಲ.”

“ಎಲ್ಲಾ ಯಂತ್ರವೇ ನೆನಪಿಟ್ಕೊಳ್ಳುತ್ತಲ್ರೀ, ನಿಮಗ್ಯಾಕೆ ಈ ಉಸಾಬರಿ?” ಸೋಮಯಾಜಿ ಸಿಡುಕಿದರು.

“ಗುಡ್ಡ ಬದಲಾಗೇತೇನು ಅಂತ ಗುಡ್ಡಾನ್ನ ಕೇಳಿದ್ರ ಹೇಳ್ತದೇನ್ರೀ ಸಾಹೇಬ್ರ?”

ಎಷ್ಟು ಗುಟ್ಟು ಕಾಗದಕ್ಕಿಳಿದಿದೆ ಎಂದು ಲೆಕ್ಕ ಹಾಕಲು ಸೋಮಯಾಜಿ ವಾರಿಜಾರಿಗೇ ಹೇಳಿದರು. ಅವರು ಭಾರವಾದ ಮನಸ್ಸಿನಿಂದ ನಕ್ಷೆಯನ್ನು ಪರದೆಯ ಪಕ್ಕ ಹಿಡಿದರು. ಬಡಗಣ ಗುಡ್ಡದಲ್ಲಿ ಕಾಗದದ ಮೇಲೆ ನಲವತ್ತೊಂದು ಮರ, ಪರದೆಯ ಮೇಲೆ ನಲವತ್ತೆರಡು.

“ಒಂದು ಬಿಟ್ಟೀರಿ” ಎಂದರು.

ಗುಡಗೇರಿಯವರು ಪರದೆ ನೋಡಿದವರೇ ಸೆಟೆದು ನಿಂತರು. “ಒಂದೂ ಬಿಟ್ಟಿಲ್ರೀ. ಮೊನ್ನೆ ಅಲ್ಲಿ ಗಿಡಾನ ಇರಲಿಲ್ಲ!”

ಆ ಮರ ಮೂರು ವರ್ಷದಿಂದ ಅಲ್ಲೇ ಇದೆ ಎಂದಿತು ಜಾಲದರ್ಶಕ. ವಾರಿಜಾರಿಗೆ ತಕ್ಷಣ ಹೊಳೆಯಿತು. ಯಾರೋ ಒಬ್ಬ ಶತ್ರು ಈ ಜಾಲದೊಳಗೆ ತನ್ನದೊಂದು ಕಂಪ್ಯೂಟರ್ ಸೇರಿಸಿ, ಯಂತ್ರದ ನೆನಪನ್ನೂ ತಿದ್ದಿದ್ದ. ಹಳೆಯ ಪರಿಚಯದವನೆಂದು ನಂಬಿದ ಯಂತ್ರ ಕೆಂಪು ದೀಪ ಹಚ್ಚಿರಲಿಲ್ಲ. ಪೆನ್ಸಿಲ್ ಗೆರೆಯನ್ನು ಮಾತ್ರ ದೂರದಿಂದ ತಿದ್ದಲು ಅವನಿಗೆ ಸಾಧ್ಯವಿರಲಿಲ್ಲ.

ಮರವನ್ನು ಜಾಲದಿಂದ ಕಡಿದು ಬಿಚ್ಚಿ ನೋಡಿದರೆ ಒಳಗೊಂದು ಆಜ್ಞೆ: ಸಂಜೆ ಐದಕ್ಕೆ ಆಸ್ಪತ್ರೆಗಳೂ ಸೇರಿದಂತೆ ಏಳು ಜಿಲ್ಲೆಗಳ ವಿದ್ಯುತ್ ಬಂದ್. ಆಗ ನಾಲ್ಕೂವರೆಯಾಗಿತ್ತು.

ಐದು ಹೊಡೆಯಿತು. ದೀಪಗಳು ಉರಿಯುತ್ತಲೇ ಇದ್ದವು. ಕೊಠಡಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಮೂಗು ಮುರಿದವರೇ ಗುಡಗೇರಿಯವರನ್ನು ಹೆಗಲ ಮೇಲೆ ಹೊತ್ತರು. ವಾರಿಜಾ ನಾಚಿಕೆಯಿಲ್ಲದೆ ಅತ್ತರು. ಹನ್ನೆರಡು ಮಂದಿಯ ಕೆಲಸವೂ ಅಂದೇ ಕಾಯಂ ಆಯಿತು.

ಮರುವಾರ ಪತ್ರಿಕೆಗಳಲ್ಲಿ ಸೋಮಯಾಜಿಯವರ ಸಹಿಯಿದ್ದ ಜಾಹೀರಾತು ಬಂತು: “ಜಾಲ ಕಾವಲುಗಾರರು ಬೇಕಾಗಿದ್ದಾರೆ. ಕನಿಷ್ಠ ಹದಿನೈದು ವರ್ಷ ಸೈನ್ಯದಲ್ಲಿ ಪಹರೆ ಮಾಡಿರಬೇಕು. ಇಂಥವರು ಸಾಕಷ್ಟು ಸಿಗದಿದ್ದಲ್ಲಿ ಎಂಜಿನಿಯರಿಂಗ್ ಪದವೀಧರರನ್ನೂ ಪರಿಗಣಿಸಲಾಗುವುದು.”