ಬಾಯಿಲ್ಲದ ಹುಳುಗಳು

೧೯೮೭ರ ರಥಸಪ್ತಮಿ. ಎಕ್ಕದ ಎಲೆ ತಲೆಯ ಮೇಲಿಟ್ಟು ಸ್ನಾನ ಮಾಡಿ, ಅಂಗಳದಲ್ಲಿ ಸೂರ್ಯನಿಗೆ ಅರ್ಘ್ಯ ಬಿಡುತ್ತಿದ್ದೆ. ಜಗದಾಂಬಾ ಅವರ ತಂಗಿ ಲಿಂಗಮ್ಮ ಗೇಟು ಹಿಡಿದು ನಿಂತಳು.

"ಗೋಪೀನಾಥ್ ಸಾರ್, ಅಕ್ಕ ಹೋಗ್ಬಿಟ್ರು. ಎದೆನೋವು."

ತಂಬಿಗೆಯಲ್ಲಿ ನೀರು ಹಾಗೇ ಉಳಿಯಿತು.

ನಾನು ವಿಜಯನಗರದ ಒಂದು ಹೈಸ್ಕೂಲಿನ ಗುಮಾಸ್ತ, ಹೆಂಡತಿಯನ್ನು ಕಳೆದುಕೊಂಡವನು. ಜಗದಾಂಬಾ ಅಲ್ಲಿಯ ಸೈನ್ಸ್ ಮೇಡಂ, ಮದುವೆಯಾಗದೆ ಉಳಿದವರು. ಊಟದ ಬಿಡುವಿನಲ್ಲಿ ವಿದೇಶಿ ಪತ್ರಿಕೆಯ ಚಿತ್ರಗಳನ್ನು ನನ್ನ ಮೇಜಿನ ಮೇಲೆ ಹರಡುತ್ತಿದ್ದರು. ಆಳ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆ, ಅದರ ಸುತ್ತ ಕೆಂಪು ತುದಿಯ ಉದ್ದನೆಯ ಹುಳುಗಳು. ಅಲ್ಲಿಗೆ ಬಿಸಿಲೇ ಇಳಿಯದು. ಬುಗ್ಗೆಯ ಗಂಧಕದಿಂದ ಆಹಾರ ಮಾಡಿಕೊಡುವ ಸೂಕ್ಷ್ಮಜೀವಿಗಳನ್ನು ಆ ಹುಳುಗಳು ಮೈಯೊಳಗೇ ಸಾಕಿಕೊಂಡಿವೆಯಂತೆ.

"ಬಾಯಿಲ್ಲ, ಹೊಟ್ಟೆಯಿಲ್ಲ. ಹೆಂಗ್ರೀ ಬದುಕ್ತವೆ?" ಎಂದೆ.

"ನಿಮ್ ಥರಾನೇ ಸಾರ್. ನೀವೇನು ಬಾಯಿ ಬಿಟ್ಟು ಹೇಳ್ತೀರಾ?"

ಕನ್ನಡಕದ ಮೇಲಿಂದ ನೋಡಿ ನಕ್ಕರು. ನಾನು ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿದೆ.

ಅದನ್ನೇ ಒಂಬತ್ತನೇ ಕ್ಲಾಸಿಗೆ ಪಾಠ ಮಾಡಿದರು. ಸೂರ್ಯನಿಲ್ಲದೆ ಜೀವವಿದೆ ಎಂದು ಹೇಳಿ ಮಕ್ಕಳ ನಂಬಿಕೆ ಕೆಡಿಸಿದರೆಂದು ಶಾಲೆಯ ಕಾರ್ಯದರ್ಶಿ ಮುನಿರಾಮಯ್ಯ ಕ್ಷಮಾಪಣೆ ಪತ್ರ ಕೇಳಿದರು. ಮೇಡಂ ಹೆಸರಲ್ಲಿ ಅದನ್ನು ಬರೆದವನು ನಾನು. ಅವರ ಕೆಲಸ ಉಳಿಯಲೆಂದು, 'ಕಟ್ಟುಕಥೆ ಹೇಳಿದ್ದು ನನ್ನ ತಪ್ಪು' ಎಂದು ದುಂಡಗೆ ಬರೆದು ಮುಂದಿಟ್ಟೆ.

"ನೀವೂ ಹಿಂಗೇ ಅಂತೀರಾ ಸಾರ್?"

ಪೆನ್ನಿನ ಮುಚ್ಚಳ ತೆಗೆದು ಅವರತ್ತ ಚಾಚಿದೆ. ಸಹಿ ಹಾಕಿ ಹೋದರು. ಆಮೇಲೆ ನನ್ನ ಮೇಜಿನ ಬಳಿಗೆ ಬರಲೇ ಇಲ್ಲ.

ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಇದೇ ಮುನಿರಾಮಯ್ಯ, "ಹೊಸ ವಿಷಯ ಹೇಳೋಕೆ ಮೇಡಮ್ಮಿಗೆ ನಾವು ಸದಾ ಪ್ರೋತ್ಸಾಹ ಕೊಟ್ವಿ" ಎಂದರು.

ಎಂಥ ನಾಲಿಗೆ! ಆಫೀಸಿಗೆ ಹೋಗಿ ಫೈಲಿನಿಂದ ಆ ಕಾಗದ ತಂದು, ಎಲ್ಲರೆದುರು ಗಟ್ಟಿಯಾಗಿ ಓದಿದೆ.

"ಕೂತ್ಕೊಳ್ರೀ! ಸತ್ತೋರ ಫೋಟೋ ಮುಂದೆ ಇದೆಲ್ಲ ಯಾಕೆ?" ಮುನಿರಾಮಯ್ಯ ಗದರಿದರು.

"ಅವರು ಇದ್ದಾಗಲೇ ಹೇಳ್ಬೇಕಿತ್ತು ಸಾರ್. ಕೇಳಿದೋರು ನೀವು, ಬರೆದೋನು ನಾನು. ಮೇಡಂ ಹೇಳಿದ್ದು ನಿಜ, ಈ ಕಾಗದ ಸುಳ್ಳು." ಮಕ್ಕಳ ಮುಂದೆಯೇ ಅದನ್ನು ಹರಿದೆ. "ಇನ್ನೊಂದು ನಿಜ. ಅವರ ಮೇಲೆ ನನಗೆ ಪ್ರೀತಿ ಇತ್ತು."

ಲಿಂಗಮ್ಮ ಕಣ್ಣೊರೆಸಿಕೊಂಡು ನೆಟ್ಟಗೆ ನೋಡಿದಳು. "ಅಕ್ಕ ನಾಲ್ಕು ವರ್ಷ ಕಾದ್ರು. ಅವಾಗೆಲ್ಲಿ ಹೋಗಿತ್ತು ಸಾರ್ ಈ ಬಾಯಿ?"

ಅವಳ ಸಿಟ್ಟು ನ್ಯಾಯವಾದದ್ದು. ತಲೆ ತಗ್ಗಿಸಿದೆ.

ಮರುದಿನ ಬೆಳಿಗ್ಗೆ ಮತ್ತೆ ತಂಬಿಗೆ ಹಿಡಿದು ನಿಂತೆ. ಸೂರ್ಯನಾರಾಯಣ, ನಿನ್ನ ಬೆಳಕು ಮುಟ್ಟದ ಕಡೆಯೂ ಭಗವಂತ ಅನ್ನವಿಟ್ಟಿದ್ದಾನೆ. ಅದನ್ನು ತಿಳಿದು ಹಿಗ್ಗಿದವರು ಮೇಡಂ. ನನ್ನ ನೆಮ್ಮದಿ ಆಮೇಲಾಗಲಿ, ಜಗದಾಂಬಾ ಅವರ ಆತ್ಮಕ್ಕೆ ಶಾಂತಿ ಕೊಡು ತಂದೆ.